ನಳ್ಳಿ ನೀರಿನ ಪಾಠ: ಚಿತ್ರದುರ್ಗದಿಂದ ಪಶ್ಚಿಮ ಆಫ್ರಿಕಾದವರೆಗೆ

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಳ್ಳಿ ನೀರು ಕುಡಿದ ನೂರಕ್ಕೂ ಹೆಚ್ಚು ಮಂದಿ ವಾಂತಿಭೇದಿಯಿಂದ ಅಸ್ವಸ್ಥರಾದರು. ಹಲವರು ಪ್ರಾಣ ಕಳೆದುಕೊಂಡರು. ನೀರಿಗೆ ವಿಷ ಬೆರೆಸಿದ್ದಾರೆಂಬ ಗುಲ್ಲೂ ಎದ್ದಿತು. ಆದರೆ ಪರೀಕ್ಷೆಯಲ್ಲಿ ಕಂಡುಬಂದದ್ದು ಕಾಲರಾ ರೋಗಾಣು.

ಸೋಂಕು ರೋಗ ಹರಡಿದಾಗಲೆಲ್ಲ ನಾವು ಆಡುವ ಮಾತು ಒಂದೇ: 'ಜನರಿಗೆ ತಿಳಿವಳಿಕೆ ಇಲ್ಲ.' ಕವಾಡಿಗರಹಟ್ಟಿಯ ಮಟ್ಟಿಗೆ ಈ ಮಾತು ಎಷ್ಟು ಸರಿ? ಊರಿಗೆ ಬಿಟ್ಟ ನೀರನ್ನು ನಂಬಿ ಕುಡಿಯುವುದು ಅಜ್ಞಾನವಲ್ಲ. ಕೊಳವೆ ಒಡೆದು ಚರಂಡಿ ನೀರು ಸೇರಿದರೆ, ಟ್ಯಾಂಕಿಗೆ ಕ್ಲೋರಿನ್ ಬೀಳದಿದ್ದರೆ, ಕೊಡ ಹಿಡಿದು ನಿಂತ ತಾಯಿಗೆ ಅದು ಹೇಗೆ ತಿಳಿಯಬೇಕು?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಬರ ಕಂಡ ತಾಲೂಕುಗಳು. ಹಿರಿಯೂರು ಬಳಿಯ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಕೊಳವೆಬಾವಿ ನಂಬಿದ ಹಲವು ಹಳ್ಳಿಗಳಲ್ಲಿ ಫ್ಲೋರೈಡ್ ಕಾಟ. ನೀರು ಬಂದ ದಿನ ಡ್ರಮ್ಮು, ತೊಟ್ಟಿ ತುಂಬಿಸಿಡದೆ ಸಂಸಾರ ಸಾಗದು. ಮುಚ್ಚದಿದ್ದರೆ ಅದರಲ್ಲೇ ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. 'ನೀರು ನಿಲ್ಲಲು ಬಿಡಬೇಡಿ' ಎನ್ನುವುದು ದಿನಾ ನೀರು ಬರುವ ಊರಿನವರಿಗೆ ಸುಲಭ. ಇಲ್ಲಿ ಹೇಳಬೇಕಾದದ್ದು ಬೇರೆ: ಬಟ್ಟೆ ಕಟ್ಟಿ ಮುಚ್ಚಿ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಿರಿ.

ಪಶ್ಚಿಮ ಆಫ್ರಿಕಾವೂ ಇದೇ ಪಾಠ ಕಲಿಸಿದೆ. 2014ರಿಂದ 2016ರವರೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ರೋಗ 28 ಸಾವಿರಕ್ಕೂ ಹೆಚ್ಚು ಮಂದಿಗೆ ತಗಲಿ, 11 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಮೊನ್ರೋವಿಯಾದ ಸಂತ ಜೋಸೆಫರ ಕಥೋಲಿಕ ಆಸ್ಪತ್ರೆಯ ಧರ್ಮಸಹೋದರರೂ ಸೇವೆಯಲ್ಲಿರುವಾಗಲೇ ಸೋಂಕಿಗೆ ಬಲಿಯಾದರು. ಮೃತದೇಹ ಮುಟ್ಟಬಾರದೆಂದು ರೇಡಿಯೋ ಸಾರಿತು. ಆದರೂ ಜನ ಹೆತ್ತವರ ಶವ ತೊಳೆಯುವುದನ್ನು ಬಿಡಲಿಲ್ಲ. ಪ್ರಾರ್ಥನೆಯಿಲ್ಲದೆ ಹೂಳುವುದು ಅವರಿಗೆ ಮರಣಕ್ಕಿಂತ ಘೋರವಾಗಿತ್ತು. ದೂರದಲ್ಲಿ ನಿಂತು ಪ್ರಾರ್ಥಿಸಲು ಕುಟುಂಬಕ್ಕೆ ಅವಕಾಶ ಕೊಟ್ಟು, ಗುರುಗಳೂ ಇಮಾಮರೂ ಮುಂದೆ ಬಂದು ತಿಳಿಹೇಳಿದಾಗ ಜನ ಒಪ್ಪತೊಡಗಿದರು. ಅಂದರೆ ತಿಳಿವಳಿಕೆ ನಂಬಿಕೆಯ ಬಾಯಿಂದ ಬರಬೇಕು. ಪಾಲಿಸುವ ದಾರಿಯೂ ಜೊತೆಗಿರಬೇಕು.

ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಚಿತ್ರದುರ್ಗದ ಧರ್ಮಕೇಂದ್ರಗಳಿಗೂ ನಮ್ಮ ಕರಾವಳಿಯವರಿಗೂ ಇಲ್ಲಿ ಕೆಲಸವಿದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಭೇದಿ ಶುರುವಾದ ಕೂಡಲೇ ಕುಡಿಸುತ್ತಾ ಆಸ್ಪತ್ರೆಗೆ ಒಯ್ಯುವುದನ್ನು ಪ್ರತಿ ಮನೆಗೂ ಕಲಿಸೋಣ. ಕಾಲರಾ ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ಜೊತೆಗೆ ಸ್ತ್ರೀ ಸಂಘಟನೆ, ಯುವಜನರು ಪಂಚಾಯತಿಗೆ, ನಗರಸಭೆಗೆ ಹೋಗಿ ಕೇಳಲಿ: ಟ್ಯಾಂಕ್ ತೊಳೆದದ್ದು ಯಾವಾಗ? ನೀರು ಪರೀಕ್ಷಿಸಿದ್ದು ಯಾವಾಗ? ಕೈ ತೊಳೆಯಿರೆಂದು ಬಡವರಿಗೆ ಬೋಧಿಸುವ ನಾವು, ತೊಳೆಯಲು ಶುದ್ಧ ನೀರು ಕೊಡಿರೆಂದು ಅಧಿಕಾರಿಗಳನ್ನೂ ಕೇಳಬೇಕಲ್ಲವೇ?