ನೆಗಡಿಗೆ ಮೂಗು ಕೊಯ್ಯುವ ಮದ್ದು

ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವವರಿಗೆ ‘ರದ್ದು’ ಮತ್ತು ‘ಯಥಾಸ್ಥಿತಿ’ ಎಂಬ ಎರಡು ಪದಗಳ ಅಂತರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದೇಶವೊಂದು ರದ್ದಾದರೆ ಅದು ಇಲ್ಲವಾಗುತ್ತದೆ. ಯಥಾಸ್ಥಿತಿ ಕಾಯ್ದುಕೊಳ್ಳಿ ಎಂದರೆ ಹಿಂದಿನವರು ಮಾಡಿಟ್ಟದ್ದು, ಸರಿಯಿರಲಿ ತಪ್ಪಿರಲಿ, ಹಾಗೆಯೇ ಮುಂದುವರಿಯುತ್ತದೆ. ಇವೆರಡನ್ನೂ ಅದಲುಬದಲು ಮಾಡಿ ಟಿಪ್ಪಣಿ ಬರೆದ ಗುಮಾಸ್ತನಿಗೆ ಮೆಮೊ ತಪ್ಪಿದ್ದಲ್ಲ. ಅಂಥದೇ ಟಿಪ್ಪಣಿಯೊಂದನ್ನು ನಾವೂ ಬರೆದೆವು. ಕಚೇರಿಯಲ್ಲಲ್ಲ, ನಮ್ಮ ಬಳಗದ ಗೆಳೆಯರಿಗಾಗಿ. ಆ ತಪ್ಪನ್ನು ಒಪ್ಪಿಕೊಳ್ಳುವುದರ ಜೊತೆಗೆ, ಅದರಿಂದ ನಮಗೆ ತಿಳಿದ ಒಂದು ಮಾತನ್ನು ವಾದವಾಗಿ ಮುಂದಿಡುವುದು ಈ ಬರಹದ ಉದ್ದೇಶ.

ಭಾನುವಾರದ ಮಕ್ಕಳ ಕನ್ನಡ ತರಗತಿಗೆ ನಾವು ಬಳಸುವುದು ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್. ಅದರ ದಾಖಲೆ ಕಡತದಲ್ಲಿ ಒಂದೇ ಬಗೆಯ ದೋಷಸಂದೇಶ ಸಾವಿರಗಟ್ಟಲೆ ಸಾಲುಗಳಾಗಿ ತುಂಬತೊಡಗಿತು. ವೈಫೈ ಕಾರ್ಡಿನ ಸಂಪರ್ಕದಲ್ಲಿ ತಪ್ಪಾಗಿದೆ, ಯಂತ್ರವೇ ಅದನ್ನು ಸರಿಪಡಿಸಿಕೊಂಡಿದೆ ಎಂಬುದು ಅದರ ಸಾರ. ಮಾಹಿತಿ ಕಳೆದುಹೋಗುತ್ತಿರಲಿಲ್ಲ, ಆದರೆ ಡಿಸ್ಕಿನ ಜಾಗ ಕರಗುತ್ತಿತ್ತು. ಇದಕ್ಕೆ ಎಲ್ಲರೂ ಕೊಡುವ ಮದ್ದು ಒಂದೇ: ಯಂತ್ರ ಆರಂಭವಾಗುವಾಗ ಕರ್ನಲ್‌ಗೆ ‘ಪಿಸಿಐಇ_ಎಎಸ್‌ಪಿಎಂ=ಆಫ್’ ಎಂಬ ಸೂಚನೆ ಕೊಡಿ. ನಾವು ಕೊಟ್ಟೆವು. ಅಷ್ಟೇ ಅಲ್ಲ, ‘ಈ ಸಾಲು ಸೇರಿಸಿದರೆ ಸಂಪರ್ಕಗಳ ವಿದ್ಯುತ್ ಉಳಿತಾಯ ಸ್ಥಗಿತಗೊಳ್ಳುತ್ತದೆ’ ಎಂದು ಅಚ್ಚಗನ್ನಡದ ಉತ್ಸಾಹದಲ್ಲಿ ಟಿಪ್ಪಣಿ ಬರೆದು ಪುಣೆ, ಹೈದರಾಬಾದುಗಳ ಗೆಳೆಯರಿಗೂ ಕಳಿಸಿದೆವು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ ನಮಗೆ ‘ಆಫ್’ ಎಂಬ ಪದದ ಅರ್ಥ ಗೊತ್ತಿದೆಯೆಂಬ ಭರವಸೆಯಿತ್ತು. ದೋಷಸಂದೇಶಗಳು ಮಾತ್ರ ಒಂದೂ ಕಡಿಮೆಯಾಗಲಿಲ್ಲ.

ಕಾರಣವನ್ನು ಅರಿಯಲು ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ಸಂಸ್ಕಾರಕವನ್ನು ವೈಫೈ ಕಾರ್ಡು, ಎಸ್‌ಎಸ್‌ಡಿ ಮುಂತಾದ ಸಾಧನಗಳೊಡನೆ ಬೆಸೆಯುವ ಸಂಪರ್ಕಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಎಂದು ಹೆಸರು. ಸಾಗಿಸಲು ಮಾಹಿತಿಯಿಲ್ಲದಾಗಲೂ ಈ ಸಂಪರ್ಕ ಎಚ್ಚರವಾಗಿದ್ದರೆ ವಿದ್ಯುತ್ತು ವ್ಯರ್ಥ. ಆದ್ದರಿಂದ ಅದಕ್ಕೆ ಕೆಲವು ಅವಸ್ಥೆಗಳನ್ನು ಗೊತ್ತುಮಾಡಿದ್ದಾರೆ. ಎಲ್0 ಪೂರ್ಣ ಎಚ್ಚರ, ಎಲ್0ಎಸ್ ಒಂದು ಜೊಂಪು, ಎಲ್1 ನಿದ್ದೆ, ಅದರೊಳಗಿನ ಎಲ್1.2 ಗಾಢನಿದ್ದೆ. ನಿದ್ದೆ ಗಾಢವಾದಷ್ಟೂ ಎಚ್ಚರಗೊಳ್ಳಲು ಹೊತ್ತು ಹೆಚ್ಚು. ಎಲ್0ಎಸ್‌ನಿಂದ ಏಳಲು ಕೆಲವು ಸಾಧನಗಳಿಗೆ 64 ನ್ಯಾನೊಸೆಕೆಂಡೂ ಬೇಡ; ಎಲ್1ರಿಂದ ಏಳಲು ಕೆಲವಕ್ಕೆ 64 ಮೈಕ್ರೊಸೆಕೆಂಡಿಗಿಂತಲೂ ಹೆಚ್ಚು ಬೇಕು. ಎಷ್ಟು ವಿಳಂಬವನ್ನು ತಾನು ಸಹಿಸಬಲ್ಲೆನೆಂಬುದನ್ನು ಪ್ರತಿ ಸಾಧನವೂ ಘೋಷಿಸುತ್ತದೆ. ಕರ್ನಲ್ ಆ ಘೋಷಣೆಯನ್ನು ಓದಿ, ದಾರಿಯಲ್ಲಿರುವ ಒಂದೊಂದು ಸ್ವಿಚ್ಚಿಗೂ 1 ಮೈಕ್ರೊಸೆಕೆಂಡು ಕೂಡಿಸಿ, ನಿದ್ದೆಗೆ ಅಪ್ಪಣೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಎಲ್1 ಚಾಲೂ ಮಾಡುವಾಗ ಸಂಸ್ಕಾರಕದ ಕಡೆಯ ತುದಿ ಮೊದಲು, ಸಾಧನದ ತುದಿ ಆಮೇಲೆ. ನಿಲ್ಲಿಸುವಾಗ ಇದರ ತಿರುವು. ನಿಯಮ ಅಷ್ಟು ಸೂಕ್ಷ್ಮ.

ಇಷ್ಟೆಲ್ಲ ಲೆಕ್ಕಾಚಾರವನ್ನು ಒಂದೇ ಪದದಿಂದ ಬದಿಗೆ ಸರಿಸುತ್ತೇವೆಂದು ನಾವು ಭಾವಿಸಿದ್ದೆವು. ಆದರೆ ಕರ್ನಲ್‌ನ ದಸ್ತಾವೇಜಿನ ಪ್ರಕಾರ ಇಲ್ಲಿ ‘ಆಫ್’ ಎಂದರೆ ಕರ್ನಲ್ ಈ ವ್ಯವಸ್ಥೆಗೆ ಕೈ ಹಚ್ಚುವುದಿಲ್ಲ, ಫರ್ಮ್‌ವೇರ್ ಮಾಡಿಟ್ಟದ್ದು ಹಾಗೆಯೇ ಉಳಿಯುತ್ತದೆ ಎಂದು ಮಾತ್ರ. ಅಂದರೆ ಅದು ರದ್ದಲ್ಲ, ಯಥಾಸ್ಥಿತಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಫರ್ಮ್‌ವೇರೇ ವೈಫೈ ಕಾರ್ಡಿಗೆ ಎಲ್1 ಚಾಲೂ ಮಾಡಿತ್ತು. ನಾವು ‘ಆಫ್’ ಎಂದಾಗ ಅದನ್ನು ತಿದ್ದಬಲ್ಲ ಒಬ್ಬನ ಕೈಯನ್ನೇ ಕಟ್ಟಿಹಾಕಿದೆವು.

ನಮ್ಮಂಥ ಹವ್ಯಾಸಿಗಳಷ್ಟೇ ಈ ಗೊಂದಲಕ್ಕೆ ಬಿದ್ದವರಲ್ಲ. 2011ರ ಮಾರ್ಚಿನಲ್ಲಿ ಬಂದ 2.6.38ನೆಯ ಆವೃತ್ತಿಯ ಬಳಿಕ ಹಲವು ಲ್ಯಾಪ್‌ಟಾಪುಗಳು ಹೆಚ್ಚು ವಿದ್ಯುತ್ತು ನುಂಗತೊಡಗಿದವು. ಫೊರೊನಿಕ್ಸ್‌ನ ಮೈಕೆಲ್ ಲಾರಾಬೆಲ್ ಅದರ ಜಾಡು ಹಿಡಿದಾಗ ಸಿಕ್ಕಿದ್ದು ಇದೇ ವ್ಯವಸ್ಥೆ. ಈ ಸೌಲಭ್ಯಕ್ಕೆ ಬೆಂಬಲವಿಲ್ಲವೆಂದು ಫರ್ಮ್‌ವೇರ್ ತನ್ನ ಪಟ್ಟಿಯಲ್ಲಿ ಗುರುತು ಮಾಡಿದ್ದರೆ, ಕರ್ನಲ್ ಅದನ್ನು ‘ಎಲ್ಲವನ್ನೂ ರದ್ದುಮಾಡು’ ಎಂದು ಓದಿ ಇದ್ದ ಉಳಿತಾಯವನ್ನೂ ಅಳಿಸಿಹಾಕುತ್ತಿತ್ತು. ಆ ಗುರುತನ್ನು ‘ನೀನು ಮುಟ್ಟಬೇಡ’ ಎಂದು ಓದಬೇಕಾಗಿತ್ತು. ಫರ್ಮ್‌ವೇರ್ ಅಧಿಕಾರ ಒಪ್ಪಿಸದಿದ್ದರೆ ವಿಂಡೋಸ್ ಕೂಡ ಅದನ್ನು ಮುಟ್ಟುವುದಿಲ್ಲವೆಂಬುದನ್ನು ಗಮನಿಸಿ, ಮ್ಯಾಥ್ಯೂ ಗ್ಯಾರೆಟ್ ಅದೇ ವರ್ಷದ ನವೆಂಬರಿನಲ್ಲಿ ತಿದ್ದುಪಡಿ ಬರೆದರು. ಕರ್ನಲ್ ಯಥಾಸ್ಥಿತಿಯನ್ನು ರದ್ದೆಂದು ಓದಿತ್ತು; ನಾವೂ ಓದಿದ್ದು ಹಾಗೆಯೇ. ಪದ ಬೇರೆ, ತಪ್ಪು ಒಂದೇ.

‘ಆಫ್’ ಫಲಿಸದಿದ್ದಾಗ ನಾವು ಮಾಡಿದ ಎರಡನೆಯ ಕೆಲಸ ಮೊದಲನೆಯದಕ್ಕಿಂತ ಕೆಟ್ಟದ್ದು. ಆ ಸಾಲನ್ನು ತೆಗೆದು, ಇಡೀ ಯಂತ್ರದ ನೀತಿಯನ್ನು ‘ಪರ್ಫಾರ್ಮೆನ್ಸ್’ ಎಂದು ಬದಲಾಯಿಸಿದೆವು. ಇದು ನಿಜವಾದ ರದ್ದು: ಯಾವ ಸಂಪರ್ಕವೂ ನಿದ್ರಿಸುವಂತಿಲ್ಲ. ದೋಷಸಂದೇಶಗಳು ನಿಂತವು. ಆದರೆ ಒಮ್ಮೆ ಚಾರ್ಜ್ ಮಾಡಿದರೆ ಎರಡು ಗಂಟೆಯ ತರಗತಿಯನ್ನು ದಾಟಿಸುತ್ತಿದ್ದ ಬ್ಯಾಟರಿ, ಮಕ್ಕಳು ಕಾಗುಣಿತ ಮುಗಿಸುವ ಮೊದಲೇ ಕೈಕೊಟ್ಟಿತು. ಸಂಪರ್ಕಗಳು ನಿದ್ರಿಸದಿದ್ದರೆ ಎಷ್ಟೋ ಯಂತ್ರಗಳಲ್ಲಿ ಸಂಸ್ಕಾರಕವೂ ತನ್ನ ಗಾಢನಿದ್ದೆಗೆ ಇಳಿಯಲಾರದು. ಮನೆಯಲ್ಲಿ ಒಬ್ಬರಿಗೆ ಕೆಮ್ಮೆಂದು ಎಲ್ಲರನ್ನೂ ರಾತ್ರಿಯಿಡೀ ಎಚ್ಚರವಿರಿಸಿದ ಹಾಗಾಯಿತು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡೆವು.

ಸರಿಯಾದ ಮದ್ದು ಚಿಕ್ಕದು. 2020ರ ಆರಂಭದಲ್ಲಿ ಬಂದ 5.5ನೆಯ ಆವೃತ್ತಿಯಿಂದ ಒಂದೊಂದು ಸಾಧನದ ಸಂಪರ್ಕಕ್ಕೂ ಪ್ರತ್ಯೇಕ ಗುಂಡಿಗಳಿವೆ. ‘ಸಿಸ್‌ಎಫ್‌ಎಸ್’ನಲ್ಲಿ ಆ ಸಾಧನದ ‘ಲಿಂಕ್’ ಕೋಶದೊಳಗೆ ‘ಎಲ್1_ಎಎಸ್‌ಪಿಎಂ’ ಎಂಬ ಕಡತದಲ್ಲಿ 0 ಬರೆದರೆ ಆ ಒಂದು ಸಂಪರ್ಕ ಮಾತ್ರ ಎಲ್1ಕ್ಕೆ ಇಳಿಯುವುದಿಲ್ಲ. ನಾವು ನೀತಿಯನ್ನು ಮೊದಲಿನಂತೆ ‘ಡಿಫಾಲ್ಟ್’ ಮಾಡಿ, ವೈಫೈ ಕಾರ್ಡಿಗೆ ಮಾತ್ರ 0 ಬರೆದೆವು. ಸಂದೇಶಗಳೂ ನಿಂತವು, ಬ್ಯಾಟರಿಯೂ ಹಿಂದಿನಂತೆ ಬಾಳುತ್ತಿದೆ. ಯಂತ್ರ ಮತ್ತೆ ಆರಂಭವಾದಾಗಲೆಲ್ಲ ಇದನ್ನು ಪುನಃ ಬರೆಯಬೇಕೆಂಬುದು ನಿಜ. ಅದಕ್ಕೊಂದು ಚಿಕ್ಕ ನಿಯಮ ಬರೆದಿಟ್ಟರೆ ಸಾಕು.

ಇದಕ್ಕೆ ಎದುರು ವಾದವೂ ಇದೆ, ಅದು ಹಗುರವಾದುದಲ್ಲ. ಸಾಧನಗಳು ತಮ್ಮ ಸಾಮರ್ಥ್ಯದ ಬಗ್ಗೆ ಸುಳ್ಳು ಹೇಳುತ್ತವೆ. ಪ್ರತಿಯೊಂದನ್ನೂ ಪರೀಕ್ಷಿಸಲು ಯಾರಿಗೂ ಬಿಡುವಿಲ್ಲ. ಒಂದು ವ್ಯಾಟು ಹೋದರೂ ಚಿಂತೆಯಿಲ್ಲ, ಮಾಹಿತಿ ಹೋಗಬಾರದು ಎನ್ನುತ್ತಾರೆ ಎಚ್ಚರಿಕೆಯವರು. ಒಪ್ಪತಕ್ಕ ಮಾತು. ಸಾಟಾ ಡಿಸ್ಕುಗಳ ಸಂಪರ್ಕದಲ್ಲಿ ಅತಿ ಉಳಿತಾಯದ ನೀತಿ ಕೆಲವೆಡೆ ಮಾಹಿತಿಯನ್ನೇ ಕೆಡಿಸಿದ್ದುಂಟು. ಆದರೆ ಅಲ್ಲಿಯೂ ಕೊನೆಗೆ ಸಿಕ್ಕ ಪರಿಹಾರ ‘ಎಲ್ಲ ನಿಲ್ಲಿಸಿ’ ಎಂಬುದಲ್ಲ. ಹಾನ್ಸ್ ಡಿ ಗೂಡೆ ಅವರು, ವಿಂಡೋಸ್‌ನಲ್ಲಿ ಇಂಟೆಲ್‌ನ ಚಾಲಕ ತಂತ್ರಾಂಶ ಬಳಸುವ ಹೊಂದಾಣಿಕೆಯನ್ನೇ ಹೋಲುವ ಒಂದು ನಡುದಾರಿಯ ನೀತಿಯನ್ನು ರೂಪಿಸಿದರು, ಬಳಕೆದಾರರಿಂದ ಪರೀಕ್ಷೆ ಮಾಡಿಸಿದರು. 2018ರ ಜನವರಿಯ 4.15ನೆಯ ಆವೃತ್ತಿಯಲ್ಲಿ ಅದು ಕರ್ನಲ್ ಸೇರಿತು. ಎಚ್ಚರಿಕೆಗೂ ಆಲಸ್ಯಕ್ಕೂ ಇರುವ ವ್ಯತ್ಯಾಸ ಇದೇ ಎಂದು ನಮ್ಮ ತಿಳಿವಳಿಕೆ. ಎಚ್ಚರಿಕೆ ಅಳೆಯುತ್ತದೆ, ಪರೀಕ್ಷಿಸುತ್ತದೆ. ಆಲಸ್ಯ ಮುಖ್ಯ ಸ್ವಿಚ್ಚನ್ನೇ ಆರಿಸಿ ಮಲಗುತ್ತದೆ.

ಆದ್ದರಿಂದ ನಮ್ಮ ನಿಲುವು ಇಷ್ಟು. ದೋಷ ಎಲ್ಲಿದೆಯೋ ಮದ್ದು ಅಲ್ಲಿಗೆ ಮಾತ್ರ ಹಚ್ಚಬೇಕು. ತಪ್ಪು ಮಾಡುವ ಸಾಧನ ಯಾವುದೆಂದು ಗೊತ್ತಾದರೆ ಅದರ ಗುರುತನ್ನು ಕರ್ನಲ್ ನಡೆಸುವವರಿಗೆ ತಿಳಿಸಬೇಕು. ಇಂಥ ವಕ್ರ ಸಾಧನಗಳಿಗಾಗಿಯೇ ಅಲ್ಲೊಂದು ಪಟ್ಟಿಯಿದೆ. ಅದರಲ್ಲಿ ಒಂದು ಸಾಲು ಸೇರಿದರೆ ಆ ಸಾಧನವುಳ್ಳ ಎಲ್ಲರ ತೊಂದರೆಯೂ ನೀಗುತ್ತದೆ. ಯಾವ ಅವಸ್ಥೆ ಚಾಲೂ ಇದೆಯೆಂಬುದನ್ನು ‘ಎಲ್‌ಎಸ್‌ಪಿಸಿಐ’ ಆಜ್ಞೆಯಿಂದ ನೋಡಿ ಖಚಿತಪಡಿಸಿಕೊಳ್ಳದೆ ಯಾರಿಗೂ ಸಲಹೆ ಕೊಡಬಾರದು. ಮುಖ್ಯವಾಗಿ, ಇಂಥ ವಿಷಯವನ್ನು ಕನ್ನಡಕ್ಕೆ ತರುವವರು ಪದವನ್ನಲ್ಲ, ಅದು ಮಾಡುವ ಕೆಲಸವನ್ನು ಅನುವಾದಿಸಬೇಕು. ಇಂಗ್ಲಿಷಿನಲ್ಲಿ ಓದಿ ದಾರಿತಪ್ಪಿದವನಿಗೆ ಮೂಲ ದಸ್ತಾವೇಜಾದರೂ ಕೈಗೆಟಕುತ್ತದೆ. ಕನ್ನಡದ ಟಿಪ್ಪಣಿಯನ್ನೇ ನಂಬಿದವರಿಗೆ ನಾವೇ ದಸ್ತಾವೇಜು.

ಹಳೆಯ ಟಿಪ್ಪಣಿಯನ್ನು ನಾವು ಹಿಂದಕ್ಕೆ ಪಡೆದಿದ್ದೇವೆ. ಆ ಸಾಲನ್ನು ಸೇರಿಸಿಕೊಂಡ ಗೆಳೆಯರು ದಯವಿಟ್ಟು ಅದನ್ನು ತೆಗೆದುಹಾಕಬೇಕು. ಈ ಸಲ ನಾವು ಹೇಳುತ್ತಿರುವುದು ಯಥಾಸ್ಥಿತಿಯಲ್ಲ, ರದ್ದು.