ಮಚ್ಚು ಕೊಳ್ಳುವವರು, ಮಚ್ಚು ಹಿಡಿಯುವವರು

ತಿಪಟೂರಿನ ಅಂಗಡಿಗಳಲ್ಲಿ ಮಚ್ಚು ಕೊಳ್ಳುವ ತೋಟದ ಯಜಮಾನರನ್ನು ಒಮ್ಮೆ ಗಮನಿಸಿ. ಅಲಗನ್ನು ಉಗುರಿನಿಂದ ಮೀಟುತ್ತಾರೆ, ಟಣ್ ಅಂದರೆ ಸಮಾಧಾನ. ಎಷ್ಟು ಅಂತ ಕೇಳುತ್ತಾರೆ, ಐವತ್ತು ಇಳಿಸುತ್ತಾರೆ, ಪೇಪರಿನಲ್ಲಿ ಸುತ್ತಿಸಿ ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹೊರಡುತ್ತಾರೆ. ಚಪ್ಪಲಿ ಕೊಳ್ಳುವಾಗ ಮೆಟ್ಟಿಕೊಂಡು ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಾಡುವ ಇದೇ ಮನುಷ್ಯ ಮಚ್ಚನ್ನು ಕೈಯಲ್ಲಿ ಹಿಡಿದು ಒಂದು ಸಲವೂ ಬೀಸಿ ನೋಡುವುದಿಲ್ಲ. ಯಾಕೆ ನೋಡಬೇಕು? ಬೀಸುವವರು ಬೇರೆ.

ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ನಮ್ಮ ತೆಂಗಿನ ಸೀಮೆಯ ಕಾಯಿಲೆ ಇದೇ ಅಂತ ನನ್ನ ವಾದ. ಹತಾರ ಕೊಳ್ಳುವವನೊಬ್ಬ, ಅದನ್ನು ದಿನವಿಡೀ ಹಿಡಿಯುವವರು ಇನ್ನೊಬ್ಬರು. ಕೊಳ್ಳುವವನಿಗೆ ಬೆಲೆ ಕಾಣುತ್ತದೆ. ಹಿಡಿಯುವವರಿಗೆ ತೂಕ, ಹಿಡಿ, ಅಲಗು, ಸಂಜೆಯ ಮುಂಗೈ ನೋವು ಕಾಣುತ್ತದೆ. ಇಬ್ಬರೂ ಕೂತು ಮಾತಾಡುವುದಿಲ್ಲ. ಆದರೆ ನಷ್ಟ ಮಾತ್ರ ಇಬ್ಬರ ಪಾಲಿಗೂ ಬರುತ್ತದೆ, ಮೂರನೆಯದಾಗಿ ಮರದ ಪಾಲಿಗೆ.

ನಮ್ಮ ತೋಟದಲ್ಲಿ ಕೊಬ್ಬರಿ ಮಾಡುವ ದಿನ ಬರುವ ಹೆಂಗಸರು ಮನೆಯಲ್ಲಿರುವ ಮಚ್ಚನ್ನು ಮುಟ್ಟುವುದೇ ಇಲ್ಲ. ಅವರವರ ಮಚ್ಚು ಅವರೇ ತರುತ್ತಾರೆ, ಹಳೆಯ ಸೀರೆ ತುಂಡಿನಲ್ಲಿ ಸುತ್ತಿ. ಒಬ್ಬಾಕೆಯದಂತೂ ಮಸೆದು ಮಸೆದು ಅರ್ಧ ಅಗಲಕ್ಕೆ ಬಂದಿದೆ. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದಾಳೆ. ಮನೆಯ ಮಚ್ಚು ಹೊಸದಾಗಿ, ಬಣ್ಣ ಕೂಡ ಹೋಗದೆ ಇದೆಯಲ್ಲ, ಇದನ್ನೇ ಹಿಡಿ ಅಂದರೆ ಒಂದು ಸಲ ಎತ್ತಿ ನೋಡಿ ನಕ್ಕಳು: ‘ಇದು ಕಾಯಿಗಲ್ಲ ಕಣಕ್ಕ, ಕಳ್ಳರನ್ನ ಹೆದರಿಸಾಕೆ ಮಾಡಿರೋದು.’

ಅವಳ ಮಾತಿನ ಅರ್ಥ ಆಗಬೇಕಾದರೆ ಆ ಕೆಲಸವನ್ನು ಹತ್ತಿರ ಕೂತು ನೋಡಬೇಕು. ನಮ್ಮದು ಉಂಡೆ ಕೊಬ್ಬರಿಯ ಸೀಮೆ. ಬಲಿತ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ನೆರಳಲ್ಲೇ ಒಣಗುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗೊಟಗೊಟ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಆ ಚಿಪ್ಪು ಬಿಡಿಸುವುದು. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಅಲಗಿನ ತುದಿ ಅಲ್ಲ, ಹಿಡಿಗೆ ಹತ್ತಿರದ ಭಾಗ ಚಿಪ್ಪಿಗೆ ಬೀಳುತ್ತದೆ. ಕಾಯಿ ಅಂಗೈಯಲ್ಲೇ ಉರುಳುತ್ತಾ ಹೋಗುತ್ತದೆ, ಪೆಟ್ಟು ಸುತ್ತಲೂ ಬರುತ್ತದೆ. ಚಿಪ್ಪು ಸೀಳಬೇಕು, ಒಳಗಿನ ಗಿಟುಕಿಗೆ, ಅಂದರೆ ಇಡೀ ಕೊಬ್ಬರಿ ಉಂಡೆಗೆ, ಗಾಯ ಆಗಬಾರದು. ಪೆಟ್ಟು ಒಂದು ನೂಲು ಜಾಸ್ತಿಯಾದರೆ ಕೊಬ್ಬರಿ ಒಡೆದು ಹೋಳಾಯಿತು, ಬೇರೆ ರಾಶಿಗೆ ಹೋಯಿತು, ಕಮ್ಮಿ ರೇಟಿಗೆ ಬಿತ್ತು. ಇನ್ನೂ ಜಾಸ್ತಿಯಾದರೆ ಹೋಗುವುದು ಹೆಬ್ಬೆರಳು.

ಇಂಥ ಕೆಲಸಕ್ಕೆ ಮೂಗು ಭಾರವಾದ ಬಜಾರಿನ ಮಚ್ಚು ಆಗುವುದಿಲ್ಲ. ಅದು ತನ್ನ ತೂಕದಲ್ಲೇ ಮುಂದಕ್ಕೆ ಬೀಳುತ್ತದೆ, ತಡೆದು ತಡೆದು ಮಣಿಕಟ್ಟು ಸೋಲುತ್ತದೆ. ಈ ಹೆಂಗಸರು ಮಚ್ಚನ್ನು ಹೇಗೆ ಪರೀಕ್ಷೆ ಮಾಡುತ್ತಾರೆ ಗೊತ್ತೆ? ಹಿಡಿಯ ಮುಂದೆ ಎರಡು ಬೆರಳಿನ ಅಂತರದಲ್ಲಿ ತೋರುಬೆರಳ ಮೇಲೆ ಅಡ್ಡ ಇಡುತ್ತಾರೆ. ತೂಗಿ ನಿಂತರೆ ಸರಿ, ಮೂಗು ಕೆಳಗೆ ಬಗ್ಗಿದರೆ ಬೇಡ. ಇಷ್ಟು ಸುಲಭದ ಪರೀಕ್ಷೆಯನ್ನು ಅಂಗಡಿಯಲ್ಲಿ ಯಾವ ಯಜಮಾನ ಮಾಡುತ್ತಾನೆ?

ಕೂಲಿ ಸಾವಿರ ಕಾಯಿಯ ಲೆಕ್ಕದಲ್ಲಿ. ಮಚ್ಚು ಅವರದು, ಮಸೆಯುವ ಹೊತ್ತು ಅವರದು, ಕುಲುಮೆಗೆ ಕೊಟ್ಟ ದುಡ್ಡೂ ಅವರದೇ. ಟ್ರ್ಯಾಕ್ಟರ್ ಕರೆಸಿದರೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತೇವೆ, ಡೀಸೆಲ್ ಏರಿದರೆ ಬಾಡಿಗೆಯೂ ಏರುತ್ತದೆ, ನಾವು ಗೊಣಗದೆ ಕೊಡುತ್ತೇವೆ. ಹೆಂಗಸರು ತಂದ ಮಚ್ಚಿಗೆ ಮಾತ್ರ ಬಾಡಿಗೆ ಇಲ್ಲ, ಅದನ್ನು ಯಾರೂ ಕೇಳಿದ್ದೂ ಇಲ್ಲ. 2024ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ನಾಫೆಡ್ ಖರೀದಿಯ ನೋಂದಣಿಗೆ ರೈತರು ಸಾಲು ನಿಂತರು. 2025ರಲ್ಲಿ ಮಾರುಕಟ್ಟೆಯ ಧಾರಣೆ ಅದರ ದುಪ್ಪಟ್ಟನ್ನೂ ದಾಟಿತು. ಆ ದುಡ್ಡಿನಲ್ಲಿ ನಮ್ಮ ಕಡೆ ಬೈಕು ಬಂತು, ಬೋರು ಬಂತು, ಕಳೆ ಹೊಡೆಯುವ ಯಂತ್ರ ಬಂತು. ಮಚ್ಚು, ಕುಡ್ಲು, ಗುದ್ದಲಿ ಎಲ್ಲಿದ್ದವೋ ಅಲ್ಲೇ ಇವೆ, ಪಂಪ್‌ಮನೆಯ ಮೂಲೆಯಲ್ಲಿ, ಗೊಬ್ಬರದ ಚೀಲದ ಹಿಂದೆ. ಆಯುಧಪೂಜೆಗೆ ಹೊರಗೆ ತೆಗೆಯುತ್ತೇವೆ, ತೊಳೆದು ಅರಿಶಿನ ಕುಂಕುಮ ಹಚ್ಚುತ್ತೇವೆ. ಆ ಒದ್ದೆ ಕುಂಕುಮ ಒರೆಸದೆ ಹಾಗೇ ಒಳಗಿಟ್ಟರೆ ದೀಪಾವಳಿಯ ಹೊತ್ತಿಗೆ ಬೊಟ್ಟಿದ್ದ ಜಾಗದಲ್ಲೇ ತುಕ್ಕು.

ಒಳ್ಳೆ ಮಚ್ಚು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ನನ್ನ ಉತ್ತರ ಇನ್ನೂ ಕುಲುಮೆಯೇ. ಉಳಿದಿರುವವು ಕಮ್ಮಿ, ಆದರೆ ಇವೆ. ಆಚಾರಿ ಮಚ್ಚಿಗೆ ಆರಿಸುವುದು ಲಾರಿಯ ಮುರಿದ ಪಟ್ಟಾ. ಸ್ಪ್ರಿಂಗಿನ ಉಕ್ಕು, ಬಗ್ಗಿದರೂ ಮತ್ತೆ ನೆಟ್ಟಗಾಗುವ ಗುಣ ಇರುವ ಲೋಹ. (ಚಿಕ್ಕನಾಯಕನಹಳ್ಳಿ ಗುಡ್ಡಗಳ ಅದಿರನ್ನು ಲಾರಿಗಳು ವರ್ಷಗಟ್ಟಲೆ ಹೊತ್ತುಕೊಂಡು ಹೋದವು. ಗುಡ್ಡ ಹೋಯಿತು, ಕುಲುಮೆಗೆ ಬಂದದ್ದು ಲಾರಿಯ ಪಟ್ಟಾ.) ಕೆಂಪಗೆ ಕಾಸಿ ಬಡಿದು ಆಕಾರ ಕೊಟ್ಟಮೇಲೆ ಅಲಗನ್ನಷ್ಟೇ ನೀರಿಗೆ ಅದ್ದುತ್ತಾನೆ. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನಲ್ಲಿ ಉಳಿದ ಕಾವು ಅಲಗಿನ ಕಡೆ ಹರಿಯುವುದನ್ನು ನೋಡುತ್ತಾ ಕೂರುತ್ತಾನೆ. ಒಣಹುಲ್ಲಿನ ಬಣ್ಣ ಬಂದು ಕಂದು ಅಂಚಿಗೆ ತಿರುಗುವಾಗ ಮತ್ತೆ ನೀರಿಗೆ. ನೀಲಿಗೆ ಹೋಗಲು ಬಿಟ್ಟರೆ ಅಲಗು ಮೆತ್ತಗಾಗುತ್ತದೆ. ಬಣ್ಣ ಬರುವ ಮುಂಚೆಯೇ ಅದ್ದಿದರೆ ಚಿಪ್ಪಿಗೆ ತಗುಲಿ ಚಕ್ಕೆ ಏಳುತ್ತದೆ. ಹದ ಅಂದರೆ ಇಷ್ಟೇ, ಆದರೆ ಇಷ್ಟನ್ನು ತಗಡು ಕತ್ತರಿಸಿ ಬಣ್ಣ ಬಳಿದ ಮಚ್ಚಿಗೆ ಯಾರೂ ಕೊಟ್ಟಿರುವುದಿಲ್ಲ.

ಕುಲುಮೆಯ ಈ ಹದವನ್ನು ಕೆಡಿಸಲು ಗ್ರೈಂಡರಿಗೆ ಎರಡು ನಿಮಿಷ ಸಾಕು. ವೆಲ್ಡಿಂಗ್ ಶಾಪಿನಲ್ಲಿ ಕಿಡಿ ಹಾರಿಸಿಕೊಂಡು ಸಾಣೆ ಹಿಡಿಸುತ್ತೇವಲ್ಲ, ಅಂಚು ನೀಲಿಯಾದರೆ ಹದ ಹೋಯಿತು ಅಂತಲೇ ಲೆಕ್ಕ. ಮೂರು ದಿನಕ್ಕೆ ಮತ್ತೆ ಮೊಂಡ. ಹಿಡಿಸಲೇಬೇಕಾದರೆ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟು, ಅಲಗು ಬೆರಳಿಗೆ ಬಿಸಿ ತಾಗುವ ಮುಂಚೆ ಅದ್ದಿಸಿ. ದಿನದ ಮಸೆತಕ್ಕೆ ಕಲ್ಲೇ ಮೇಲು.

ಗುದ್ದಲಿಯ ಮರದ ಹಿಡಿಯದು, ಅಂದರೆ ಕಾವಿನದು, ಇನ್ನೊಂದು ಕಥೆ. ಬೇಸಿಗೆಗೆ ಮರ ಆರಿ ಸಡಿಲವಾದಾಗ ಎಲ್ಲರೂ ರಾತ್ರಿ ತೊಟ್ಟಿಯ ನೀರಲ್ಲಿ ನೆನೆಹಾಕುತ್ತಾರೆ. ಬೆಳಿಗ್ಗೆ ಬಿಗಿಯಾಗಿರುತ್ತದೆ, ನಿಜ. ಉಬ್ಬಿದ ಮರ ಕಬ್ಬಿಣದ ಕಣ್ಣಿನೊಳಗೆ ತನ್ನನ್ನೇ ಹಿಸುಕಿಕೊಂಡಿರುತ್ತದೆ. ಆರಿದ ಮೇಲೆ ಮೊದಲಿಗಿಂತ ಸಡಿಲ. ಬೆಣೆ ಹೊಡೆಯುವುದೊಂದೇ ದಾರಿ. ಕಾವಿಗೆ ದಿಂಡಿಗ ಸಿಕ್ಕರೆ ಭಾಗ್ಯ, ಜಾಲಿಯೂ ಆದೀತು. ವರ್ಷಕ್ಕೊಮ್ಮೆ ಹುಚ್ಚೆಳ್ಳೆಣ್ಣೆ ತಿಕ್ಕಿದರೆ ಅದು ಮರದೊಳಗೇ ಗಟ್ಟಿಯಾಗಿ ಕೂರುತ್ತದೆ. ಕೊಬ್ಬರಿ ಎಣ್ಣೆ ನಮ್ಮಲ್ಲಿ ಧಾರಾಳ ಅಂತ ಅದನ್ನೇ ಬಳಿಯುತ್ತಾರೆ, ಆದರೆ ಅದು ಒಣಗುವ ಎಣ್ಣೆಯಲ್ಲ, ಹಿಡಿ ಜಾರುತ್ತದೆ.

ಇನ್ನು ಮರದ ಪಾಲಿನ ನಷ್ಟ. ಪಂಪ್‌ಮನೆಗೆ ಹತ್ತಿರದ ತೆಂಗಿನ ಮರವನ್ನು ಯಾವ ತೋಟದಲ್ಲಾದರೂ ನೋಡಿ. ಎದೆಮಟ್ಟದಲ್ಲಿ ಸಾಲು ಸಾಲು ಗೀರು. ಎಳನೀರು ಕೆತ್ತಿ, ಗರಿ ಕಡಿದು, ಬೀಡಿ ಹಚ್ಚಲು ಕೈ ಖಾಲಿ ಮಾಡಿಕೊಳ್ಳುವಾಗ ಮಚ್ಚನ್ನು ಮರಕ್ಕೆ ಹೊಡೆದು ನಿಲ್ಲಿಸುವ ಅಭ್ಯಾಸ. ಮಾವಿಗೋ ಬೇವಿಗೋ ಹೊಡೆದರೆ ತೊಗಟೆ ಕಾಲಕ್ರಮದಲ್ಲಿ ಮುಚ್ಚಿಕೊಳ್ಳುತ್ತದೆ. ತೆಂಗು ಹುಲ್ಲಿನ ಕಡೆಯ ನೆಂಟ. ಗಾಯ ಮುಚ್ಚುವ ಪದರವೇ ಅದರ ಕಾಂಡದಲ್ಲಿಲ್ಲ. ಇವತ್ತು ಬಿದ್ದ ಗೀರು ಮರ ಬದುಕಿರುವ ತನಕ ಹಾಗೇ ಇರುತ್ತದೆ. ಮರ ಹತ್ತಲು ಮೆಟ್ಟಿಲು ಕಡಿಯುವುದು, ಕಳೆ ಹೊಡೆಯುವ ಯಂತ್ರದ ಉಕ್ಕಿನ ಬ್ಲೇಡು ಬುಡಕ್ಕೆ ತಾಗಿಸುವುದು, ಎಲ್ಲ ಒಂದೇ ಜಾತಿಯ ಅನ್ಯಾಯ. ರಸ ಸೋರುವ ರೋಗದ ಶಿಲೀಂಧ್ರಕ್ಕೆ, ಕೆಂಪು ಮೂತಿ ಹುಳುವಿಗೆ ಬೇಕಾದದ್ದು ಇಂಥ ಬಾಗಿಲೇ. ಹಸಿರು ಗರಿ ಕಡಿಯಲೇಬೇಕಾದರೆ ಕಾಂಡದಿಂದ 120 ಸೆಂಟಿಮೀಟರ್ ದೂರ ಬಿಟ್ಟು ಕಡಿಯಿರಿ ಅಂತ ತಜ್ಞರು ಹೇಳುವುದೂ ಇದಕ್ಕೇ. ಹುಳು ಕೊಯ್ದ ತುದಿಯಿಂದ ಕೊರೆದುಕೊಂಡು ಕಾಂಡ ಮುಟ್ಟಬಾರದು. ಮೊಂಡ ಕುಡ್ಲಿನವನು ಅಷ್ಟು ದೂರ ಬಿಟ್ಟು ಒಂದೇ ಏಟಿಗೆ ಕಡಿಯಲಾರ. ಬುಡಕ್ಕೆ ಹೋಗಿ ಜಗ್ಗುತ್ತಾನೆ, ಸೀಳುತ್ತಾನೆ.

ಮಚ್ಚು ಹೊಡೆದು ನಿಲ್ಲಿಸಲು ಒಂದು ಮರದ ದಿಮ್ಮಿ ಪಂಪ್‌ಮನೆ ಹತ್ತಿರ ಉರುಳಿಸಿದರೆ ಮುಗಿಯಿತು. ಖರ್ಚಿಲ್ಲ. ಎಷ್ಟು ತೋಟದಲ್ಲಿದೆ?

ಕಾಯಿ ಕೀಳುವ ದೋಟಿಯ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಬಿದಿರಿನ ಗಳು ಭಾರ, ಬಾಳಿಕೆ ಕಮ್ಮಿ ಅಂತ ಅಲ್ಯೂಮಿನಿಯಂ ಕೊಳವೆಗಳು ಬಂದವು. ಹಗುರ, ಬೇಕಾದಷ್ಟು ಉದ್ದ ಮಾಡಿಕೊಳ್ಳಬಹುದು, ಕೊಳ್ಳುವವನಿಗೆ ಒಂದೇ ಸಲದ ಖರ್ಚು. ಆದರೆ ಅದರಲ್ಲಿ ಕರೆಂಟು ಹರಿಯುತ್ತದೆ. ನಮ್ಮ ತೋಟಗಳಲ್ಲಿ ಪಂಪ್‌ಸೆಟ್ಟಿನ ತಂತಿ ಹಾಯದ ಜಾಗ ಎಷ್ಟಿದೆ? ಕತ್ತು ಮೇಲೆತ್ತಿ ಗೊನೆ ನೋಡುವವನಿಗೆ ಬೆನ್ನ ಹಿಂದಿನ ತಂತಿ ಕಾಣುವುದಿಲ್ಲ. ಕೊಳವೆ ಅತ್ತ ವಾಲಿತು ಅಂದರೆ ಮುಗಿಯಿತು. ಅಡಿಕೆ, ತೆಂಗಿನ ಸೀಮೆಗಳಿಂದ ಇಂಥ ಸಾವಿನ ಸುದ್ದಿ ಪತ್ರಿಕೆಗಳ ಒಳಪುಟಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಬಿದಿರಾದರೂ ಹಸಿಯಿದ್ದರೆ, ಮಳೆಗೆ ನೆನೆದಿದ್ದರೆ ನಂಬುವ ಹಾಗಿಲ್ಲ. ಕಾಯಿ ಕೀಳಿಸುವ ಮುಂಚೆ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಬೇಕು, ತಂತಿಯ ಪಕ್ಕದ ಸಾಲನ್ನು ಮರ ಹತ್ತುವವರಿಗೆ ಬಿಡಬೇಕು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಮರ ಹತ್ತುವ ಸಾಧನದ ತರಬೇತಿ ಕೊಡುತ್ತಿದೆ, ತೆಂಗಿನ ಮರ ಹತ್ತುವವರಿಗೆ ಕೇರ ಸುರಕ್ಷಾ ವಿಮೆ ಇದೆ. ಕೀಳಿಸುವ ಯಜಮಾನ ಅಡ್ವಾನ್ಸ್ ಕೊಡುವ ಮುಂಚೆ ‘ವಿಮೆ ಮಾಡಿಸಿದೀಯಾ’ ಅಂತ ಒಂದು ಮಾತು ಕೇಳಲಿ. ಇಲ್ಲ ಅಂದರೆ ಕಂತು ತಾನೇ ಕಟ್ಟಲಿ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ ಇದೆ. ಹತಾರಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಸಾಲ. ಒಳ್ಳೆಯದೇ. ಆದರೆ ಆಚಾರಿಗೆ ಸುತ್ತಿಗೆ ಕೊಟ್ಟು, ರೈತನಿಗೆ ಯಂತ್ರಕ್ಕಷ್ಟೇ ಸಬ್ಸಿಡಿ ಕೊಟ್ಟರೆ ಆ ಸುತ್ತಿಗೆ ಯಾವುದರ ಮೇಲೆ ಬೀಳಬೇಕು? ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಟ್ರ್ಯಾಕ್ಟರು, ರೋಟವೇಟರು ಬಾಡಿಗೆಗೆ ಸಿಗುತ್ತವೆ. ಅಲ್ಲೇ ಒಂದು ನೀರು ಹನಿಯುವ ಸಾಣೆಕಲ್ಲು, ಕರೆಂಟು ಹರಿಯದ ಫೈಬರ್ ದೋಟಿ, ಮರ ಹತ್ತುವ ಸಾಧನ ಇಡಲಿ. ವಾರಕ್ಕೊಂದು ದಿನ ಊರಿನ ಆಚಾರಿಯನ್ನು ಕೂಲಿ ಕೊಟ್ಟು ಕೂರಿಸಲಿ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ತೆಂಗಿನ ತರಬೇತಿ ನಡೆಯುವಾಗ ಮಣ್ಣು, ಗೊಬ್ಬರ, ಹುಳುವಿನ ಜೊತೆಗೆ ಮಚ್ಚು ಮಸೆಯುವುದಕ್ಕೂ ಒಂದು ಗಂಟೆ ಇರಲಿ. ಆ ಗಂಟೆಯ ಪಾಠ ಮಾಡಲು ಕೊಬ್ಬರಿ ಬಿಡಿಸುವ ಹೆಂಗಸರನ್ನೇ ಕರೆಯಲಿ, ಗೌರವಧನ ಕೊಟ್ಟು.

ನಾನು ಸಾವಿರ ಕಾಯಿಯ ಕೂಲಿಯ ಮೇಲೆ ಮಚ್ಚಿನ ಬಾಡಿಗೆ ಅಂತ ಬೇರೆ ಕೊಡಲು ಶುರು ಮಾಡಿದ್ದೇನೆ. ಅಕ್ಕಪಕ್ಕದ ತೋಟದವರಿಗೆ ಇದು ಸರಿ ಬಂದಿಲ್ಲ. ‘ನೀವು ರೇಟು ಕೆಡಿಸ್ತಾ ಇದೀರಾ, ನಾಳೆ ನಮ್ಮನ್ನೂ ಕೇಳ್ತಾರೆ’ ಅನ್ನುತ್ತಾರೆ. ಕೇಳಲಿ ಅಂತಲೇ ಕೊಡುತ್ತಿರುವುದು. 2024ರ ಬೆಂಬಲ ಬೆಲೆಯ ಲೆಕ್ಕದಲ್ಲಿ ಹಿಡಿದರೂ ಒಂದು ಕೆ.ಜಿ. ಗಿಟುಕಿಗೆ 120 ರೂಪಾಯಿ ಆಯಿತು. ಮೊಂಡ ಮಚ್ಚಿನ ಪೆಟ್ಟಿಗೆ ಹೋಳಾಗುವ ಕೊಬ್ಬರಿಯನ್ನು ಒಂದು ದಿನ ಬೇರೆ ತೂಗಿ ನೋಡಿ, ಆಮೇಲೆ ಮಾತಾಡೋಣ ಅಂದಿದ್ದೇನೆ. ಇನ್ನೂ ಯಾರೂ ತಕ್ಕಡಿ ತಂದಿಲ್ಲ.

ಈ ಸಲ ಹೆಂಗಸರು ಇನ್ನೊಂದು ಕೇಳಿದ್ದಾರೆ. ನೆಲದಲ್ಲಿ ಕೂತು ಕೂತು ಸೊಂಟ ಹಿಡಿಯುತ್ತದೆ, ಒರಗು ಇರುವ ಗಿಡ್ಡ ಮಣೆ ಬೇಕು. ಬಡಗಿ ನನ್ನನ್ನು ಎತ್ತರ ಎಷ್ಟಿರಲಿ ಅಂತ ಕೇಳಿದ. ಅಳತೆ ಕೊಡಲು ಅವರನ್ನೇ ಕಳಿಸಿದ್ದೇನೆ.