ಹೆಣ್ಣಿನ ಕಡೆಯೋ, ಗಂಡಿನ ಕಡೆಯೋ?

ಮಕ್ಕಳೇ, ಹೋದ ವಾರ ಮೊಮ್ಮಗಳ ಮದುವೆಗೆ ಹೋಗಿದ್ದೆ. ಧಾರೆಯಾಯಿತು, ಆರತಕ್ಷತೆಯೂ ಆಯಿತು. ರಾತ್ರಿ ಛತ್ರದಲ್ಲಿ ಹತ್ತಿರದ ನೆಂಟರಷ್ಟೇ ಉಳಿದಾಗ ಹುಡುಗರು, "ಅಜ್ಜಿ, ಅಂತ್ಯಾಕ್ಷರಿ ಆಡೋಣ" ಎಂದು ಜಮಖಾನ ಹಾಸಿದರು. ಯಾರೋ ಆಗಲೇ ಕೂಗಿದರು: "ಹೆಣ್ಣಿನ ಕಡೆಯವರು ಇಲ್ಲಿ, ಗಂಡಿನ ಕಡೆಯವರು ಅಲ್ಲಿ!"

"ಸ್ವಲ್ಪ ತಡೀರಪ್ಪ" ಎಂದೆ. ಯಾಕೆ ಗೊತ್ತೇ?

ನಾನು ಐದನೇ ತರಗತಿಯಲ್ಲಿದ್ದಾಗ ನಮ್ಮಕ್ಕನ ಮದುವೆಯಾಯಿತು. ಅಂದೂ ಹೀಗೇ ಎರಡು ಗುಂಪು. ಅಕ್ಕ ಎಂದಿನಂತೆ ನನ್ನ ಪಕ್ಕ ಬಂದು ಕೂತಳು. ಬೀಗರ ಕಡೆಯ ಹಿರಿಯರೊಬ್ಬರು, "ಏನಮ್ಮಾ, ಇನ್ನು ನೀನು ಆ ಕಡೆಯವಳಲ್ಲ, ಈ ಕಡೆ ಬಾ" ಎಂದರು. ತಮಾಷೆಗೇ ಹೇಳಿದ್ದು. ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ತಲೆ ತಗ್ಗಿಸಿ ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು. ಅಕ್ಕ ಎದ್ದು ಹೋದಳು. ಅಂದು ಗೆದ್ದವರು ನಾವೇ. ಯಾವ ಹಾಡು ಹಾಡಿದೆವೋ ನೆನಪಿಲ್ಲ, ನನ್ನ ಪಕ್ಕ ಖಾಲಿಯಾದ ಜಾಗ ಮಾತ್ರ ನೆನಪಿದೆ.

ಅದಕ್ಕೇ ಈ ಸಲ, ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿ ಗುಂಪು ಮಾಡುತ್ತಿದ್ದ ಬಗೆ ಹೇಳಿಕೊಟ್ಟೆ. ನಿಮ್ಮ ಅಜ್ಜ ಅಜ್ಜಿಯರಿಗೂ ಗೊತ್ತಿರಬಹುದು, ಕೇಳಿ ನೋಡಿ.

ಮೊದಲು ಇಬ್ಬರು ನಾಯಕರು. ಉಳಿದವರು ಸಮಾನ ವಯಸ್ಸಿನ, ಸಮಾನ ಶಕ್ತಿಯ ಜೋಡಿಯಾಗಬೇಕು. ಪ್ರತಿ ಜೋಡಿಯೂ ದೂರ ಹೋಗಿ ಗುಟ್ಟಾಗಿ ಎರಡು ಹೆಸರು ಇಟ್ಟುಕೊಂಡು ಬಂದು, "ಸೂರ್ಯ ಬೇಕೋ, ಚಂದ್ರ ಬೇಕೋ?" ಎಂದು ಕೇಳಬೇಕು. ಒಬ್ಬ ನಾಯಕ ಸೂರ್ಯ ಎಂದರೆ ಸೂರ್ಯ ಅವನ ಕಡೆ, ಚಂದ್ರ ಇನ್ನೊಬ್ಬನ ಕಡೆ. ಮುಂದಿನ ಜೋಡಿ ಬಂದಾಗ ಆರಿಸುವ ಸರದಿ ಇನ್ನೊಬ್ಬನದು. ಯಾವ ಹೆಸರು ಯಾರದೆಂದು ನಾಯಕನಿಗೆ ಗೊತ್ತಿಲ್ಲ, ಹಾಗಾಗಿ ಪಕ್ಷಪಾತವೂ ಇಲ್ಲ. ಜೋಡಿ ಸಮಾನವಾಗಿದ್ದರೆ ಗುಂಪುಗಳೂ ಸಮಾನ.

ನಾಯಕರನ್ನು ಬಿಟ್ಟು ನಾವು 25 ಜನ. 12 ಜೋಡಿಯಾಗಿ ತಾತ ಒಬ್ಬರು ಉಳಿದರು. ಅವರಿಗೆ ಅಂಕ ಬರೆಯುವ ಕೆಲಸ. ನನಗೆ ಜೋಡಿ ಗಂಡಿನ ಅಜ್ಜಿ. ಅಲ್ಲಿಯವರೆಗೆ ನಾವಿಬ್ಬರೂ "ಊಟ ಆಯ್ತಾ?" ಎಂಬುದರ ಹೊರತು ಮಾತಾಡಿರಲಿಲ್ಲ. ಅವರು ನನ್ನ ಕಿವಿಯಲ್ಲಿ, "ನೀವು ಬೆಲ್ಲ ಆಗಿ, ನಾನು ಹುಣಸೆಹಣ್ಣು. ನಮ್ಮ ಸೊಸೆಯನ್ನು ಕೇಳಿದರೆ ಅವಳೂ ಹಾಗೇ ಹೇಳ್ತಾಳೆ" ಎಂದು ಪಿಸುಗುಟ್ಟಿ ನಕ್ಕರು. ನಾಯಕ ಹುಡುಗ ಹುಣಸೆಹಣ್ಣನ್ನೇ ಆರಿಸಬೇಕೆ!

ಮದುಮಕ್ಕಳದೂ ಒಂದು ಜೋಡಿ: "ಮಲ್ಲಿಗೆ ಬೇಕೋ, ಸಂಪಿಗೆ ಬೇಕೋ?" ಮಲ್ಲಿಗೆಯಾದ ನಮ್ಮ ಹುಡುಗಿ ತನ್ನ ಅತ್ತೆಯ ಜೊತೆ, ತನ್ನ ತಂದೆಯ ಜೊತೆಯೂ ಒಂದೇ ಗುಂಪಿಗೆ ಸೇರಿದಳು. ಸಂಪಿಗೆ ಅಳಿಯಂದಿರು ನನ್ನ ಪಕ್ಕ ಬಂದು ಕೂತರು. ನೀನು ಯಾವ ಕಡೆಯವಳು ಎಂದು ಅವಳನ್ನು ಯಾರೂ ಕೇಳಲಿಲ್ಲ.

ಗೆದ್ದವರು ಯಾರು ಅಂತೀರಾ? ತಾತ ಎರಡೂ ಗುಂಪಿನ ಜೊತೆ ಹಾಡುತ್ತಾ ಅಂಕ ಬರೆಯುವುದನ್ನೇ ಮರೆತಿದ್ದರು.

ಶಾಲೆಯಲ್ಲೂ ಹೀಗೆ ಮಾಡಿ ನೋಡಿ. ನಾಯಕರು ಒಬ್ಬೊಬ್ಬರನ್ನೇ ಆರಿಸುತ್ತಾ ಹೋದರೆ, ಯಾರಿಗೂ ಬೇಡವಾದ ಮಗು ಕೊನೆಗೆ ಒಂಟಿಯಾಗಿ ನಿಂತಿರುತ್ತದೆ. ಜೋಡಿಯಾಗಿ ಬಂದರೆ ಹಾಗೆ ನಿಲ್ಲುವವರೇ ಇರುವುದಿಲ್ಲ. ಒಬ್ಬರು ಹೆಚ್ಚಾದರೆ ಅವರೇ ತೀರ್ಪುಗಾರರು!